ಕುಮಟೆಯ ದಂಡೆ, ನಮ್ಮ ಪೇಟೆ

(ಅಣ್ಣಿಗೇರಿಯ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಎರಿಭೂಮಿಯ ಈ ಊರಲ್ಲಿ ನಿಂತು ಸಮುದ್ರದ ಮಾತನ್ನೇಕೆ ತೆಗೆದಿರಿ ಎಂದು ನೀವು ಕೇಳಬಹುದು. ಆದರೆ ನಮಗೂ ಸಮುದ್ರಕ್ಕೂ ಇರುವ ನಂಟು ಹಳೆಯದು. ರೈಲು ಬರುವ ಮೊದಲು ಈ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಆದ್ದರಿಂದ ಪೇಟೆಯಲ್ಲಿ ನಮ್ಮ ಹತ್ತಿಗೆ ಬಿದ್ದ ಹೆಸರು 'ಕುಮಟಾ ಹತ್ತಿ'. ಬೆಳೆದ ಊರಿನ ಹೆಸರಲ್ಲ, ಹಡಗಿಗೇರಿಸಿದ ಊರಿನ ಹೆಸರು! 1880ರ ದಶಕದಲ್ಲಿ ರೈಲು ಬಂದಿತು. ಹತ್ತಿ ಆ ದಾರಿ ಹಿಡಿಯಿತು. ಕುಮಟೆಯ ಬಂದರ ಬಡವಾಯಿತು.

ಆ ದಂಡೆಯನ್ನು ನೋಡಿ ಬರೋಣವೆಂದು ನಾವು ಕೆಲವರು ಹೋಗಿದ್ದೆವು. ಕಂಡದ್ದನ್ನು ಹೇಳುತ್ತೇವೆ.

ಬೆಳಗಿನ ಜಾವ ದೋಣಿಗಳು ಬಂದವು. ಗಂಡಸರು ಬಲೆಯಿಂದ ಮೀನು ಬಿಡಿಸುತ್ತಿದ್ದರು. ಹೆಂಗಸರು ಬುಟ್ಟಿ ಹಿಡಿದು ಕಾದಿದ್ದರು. ಲಿಲಾವು ನಡೆಯಿತು. ದೊಡ್ಡ ಮೀನೆಲ್ಲ ಬರ್ಫದ ಪೆಟ್ಟಿಗೆ ಸೇರಿ ಲಾರಿಯೇರಿತು. ಉಳಿದುದಕ್ಕೆ ಹೆಂಗಸರು ಚೌಕಾಸಿಗೆ ಇಳಿದರು. ಒಬ್ಬ ಮುದುಕಿಯನ್ನು, "ಯವ್ವಾ, ದರಾ ಯಾರ ಹೇಳತಾರ?" ಎಂದು ಕೇಳಿದೆವು. "ನಾವ್ ಹೇಳೂದಲ್ಲ ತಮಾ, ಅದು ಫೋನಲ್ಲೇ ಬತ್ತದೆ" ಎಂದು ಬುಟ್ಟಿಯನ್ನು ತಲೆಗೇರಿಸಿ ನಡೆದಳು. ಮೆಣಸಿನಕಾಯಿ ಚೀಲದ ಮುಂದೆ ಕುಳಿತ ನಮ್ಮ ರೈತನ ಉತ್ತರವೂ ಇದೇ ಅಲ್ಲವೇ?

ಹಿಂದೆ ಅಲ್ಲಿ ರಂಪಣಿ ಎಂಬ ದೊಡ್ಡ ಬಲೆಯಿತ್ತು. ದೋಣಿಯಲ್ಲಿ ಒಯ್ದು ಬಲೆಯನ್ನು ಅರ್ಧಚಂದ್ರದಂತೆ ಬಿಡುವದು. ಅದರ ಎರಡೂ ತುದಿಗಳನ್ನು ದಂಡೆಯ ಮೇಲೆ ಹತ್ತಾರು ಜನ ಕೂಡಿ ಎಳೆಯುವದು. ಬಂದ ಬಂಗಡೆ, ತಾರ್ಲೆಗಳನ್ನು ಪಾಲು ಹಾಕುವದು. 1970ರ ದಶಕದ ನಡುವೆ ಯಂತ್ರದ ದೋಣಿಗಳು ಪರ್ಸೀನ್ ಬಲೆಯೊಂದಿಗೆ ಬಂದು, ಮೀನು ದಂಡೆಗೆ ಬರುವ ಮೊದಲೇ ಸುತ್ತುಗಟ್ಟಿ ಹಿಡಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಯಂತ್ರವನ್ನು ನಾವು ಬಯ್ಯುವದಿಲ್ಲ. ಗಿರಣಿಯವರಾದ ನೀವೂ ಬಯ್ಯಲಾರಿರಿ. ಯಂತ್ರ ಯಾರದು, ಪಾಲು ಯಾರಿಗೆ ಎಂಬುದೇ ಪ್ರಶ್ನೆ.

ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಟ್ಟಳೆ ಸರಿಯಾದುದೇ. ಆದರೆ ಹೊಟ್ಟೆಗೆ ರಜೆಯಿಲ್ಲ. ಆಗ ದಂಡೆಯ ಕಿರಾಣಿ ಅಂಗಡಿಯವನ ಉದ್ರಿ ವಹಿ ತುಂಬುತ್ತದೆ. ದೊಡ್ಡ ವ್ಯಾಪಾರಿ ಮುಂಗಡ ಕೊಡುತ್ತಾನೆ. ಮುಂದೆ ಹಿಡಿದ ಮೀನನ್ನು ಅವನಿಗೇ, ಅವನ ದರಕ್ಕೇ ಹಾಕಬೇಕು. ಜಿನ್ನಿನ ಹಂಗಾಮು ಮುಗಿದ ಮೇಲೆ ನಮ್ಮ ಕೂಲಿಕಾರನು ಮುಂಗಡಕ್ಕೆ ಕೈಯೊಡ್ಡುವದನ್ನೂ, ನಮ್ಮ ಚಿಕ್ಕ ಅಂಗಡಿಕಾರನು ಉದ್ರಿ ಕೊಟ್ಟು ತಾನೇ ಸಾಲಗಾರನಾಗುವದನ್ನೂ ನಾವು ಬಲ್ಲೆವು. ಕೂಲಿಕಾರನೂ ಅಂಗಡಿಕಾರನೂ ಒಬ್ಬರ ಮೇಲೊಬ್ಬರು ಸಿಟ್ಟಾಗುತ್ತಾರೆ. ಇಬ್ಬರನ್ನೂ ಕಟ್ಟಿದ ಹಗ್ಗ ಮಾತ್ರ ಮೂರನೆಯವನ ಕೈಯಲ್ಲಿದೆ.

ಇದಕ್ಕೆ ಉಪಾಯ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಂಘ ಕಟ್ಟಿದೊಡನೆ ಎಲ್ಲವೂ ನೆಟ್ಟಗಾಗುವದಿಲ್ಲ. ಸಂಘಗಳೂ ದೊಡ್ಡವರ ಕೈಸೇರುವದನ್ನು ಕಂಡಿದ್ದೇವೆ. ಆದರೂ ಹಂಗಾಮಿನಲ್ಲಿ ವಾರಕ್ಕಿಷ್ಟು ಕೂಡಿಟ್ಟು, ಕೆಲಸವಿಲ್ಲದ ತಿಂಗಳು ನಮ್ಮ ದುಡ್ಡನ್ನೇ ನಾವು ಪಡೆದರೆ, ಮುಂಗಡದ ಹಗ್ಗ ಅಷ್ಟಾದರೂ ಸಡಿಲಾದೀತು.

ಮುಂದಿನ ಕೂಟಕ್ಕೆ ಅಂಗಡಿಕಾರರು ತಮ್ಮ ಉದ್ರಿ ವಹಿ ತರಲಿ. ಕೂಲಿಕಾರರು ತಮ್ಮ ಮುಂಗಡದ ಲೆಕ್ಕ ತರಲಿ. ಎರಡನ್ನೂ ಒಂದೇ ಜಮಖಾನೆಯ ಮೇಲಿಟ್ಟು ಓದೋಣ. ಕೆಲಸ ಅಲ್ಲಿಂದ ಸುರುವಾಗಲಿ.