ಗುರಿಕಾರರ ಪಟ್ಟಿ

2018ರ ಆಗಸ್ಟ್‌ನಲ್ಲಿ ಕೇರಳ ನೆರೆಯಲ್ಲಿ ಮುಳುಗಿದಾಗ, ತಿರುವನಂತಪುರ ಕರಾವಳಿಯ ಮೀನುಗಾರರು ಚರ್ಚ್‌ಗಳ ಕರೆಗೆ ಓಗೊಟ್ಟು, ದೋಣಿಗಳನ್ನು ಲಾರಿಗೇರಿಸಿ ಚೆಂಗನ್ನೂರಿನತ್ತ ಧಾವಿಸಿದರು. ಅದಕ್ಕೆ ಒಂಬತ್ತು ತಿಂಗಳ ಹಿಂದಷ್ಟೇ ಓಖಿ ಚಂಡಮಾರುತದಲ್ಲಿ ತಮ್ಮವರನ್ನು ಕಳೆದುಕೊಂಡಿದ್ದ ಊರುಗಳು ಅವು. ಆ ನೆನಪು ನನ್ನನ್ನು ಇಂದಿಗೂ ಕಲಕುತ್ತದೆ.

ಅಂಥ ನೆರವಿಗೆ ಬೇಕಾದ ಏರ್ಪಾಡು ನಮ್ಮ ದಕ್ಷಿಣ ಕನ್ನಡದ ಕಥೊಲಿಕ ಚರ್ಚ್‌ಗಳಲ್ಲಿ ಮೊದಲೇ ಇದೆ. ಪ್ರತಿ ವಾಳೆಗೆ, ಅಂದರೆ ಚರ್ಚ್‌ನ ಒಂದೊಂದು ವಾರ್ಡಿಗೆ, ಮುಖಂಡರಾಗಿ ಒಬ್ಬರು ಗುರಿಕಾರರು. ಹಾಸಿಗೆ ಹಿಡಿದ ಅಜ್ಜಿ ಯಾವ ಮನೆಯಲ್ಲಿದ್ದಾರೆ, ಮಕ್ಕಳು ಗಲ್ಫ್‌ನಲ್ಲಿದ್ದು ಒಂಟಿಯಾಗಿರುವವರು ಯಾರು, ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಅದು ಒಬ್ಬರ ತಲೆಯಲ್ಲಷ್ಟೇ ಉಳಿದರೆ ಸಾಲದು. ಗುರಿಕಾರರೇ, ಮಳೆಗಾಲಕ್ಕೆ ಮುಂಚೆ ಆ ಹೆಸರು, ಔಷಧಿ, ಫೋನ್ ನಂಬರುಗಳನ್ನು ಬರೆದಿಡಿ. ಪಕ್ಕದ ಮನೆಯವರು ಬೇರೆ ಧರ್ಮದವರಾದರೆ ಅವರ ಹೆಸರನ್ನೂ ಸೇರಿಸಿ.