ಮಟ್ಟುಗುಳ್ಳ: ಗುರುಗಳು ಕೊಟ್ಟ ಬೀಜ, ಮನೆಯವರು ಕಾಯಬೇಕಾದ ಬೀಜ

(ಉಪನ್ಯಾಸದ ಲಿಖಿತ ರೂಪ)



ಉಡುಪಿ ಶ್ರೀಕೃಷ್ಣನ ನೈವೇದ್ಯಕ್ಕೆ ಸಲ್ಲುವ ತರಕಾರಿಗಳಲ್ಲಿ ಮಟ್ಟುಗುಳ್ಳಕ್ಕೆ ಇರುವ ಮನ್ನಣೆಯೇ ಬೇರೆ. ಕಟಪಾಡಿಯ ಸಮೀಪದ ಕಡಲತೀರದ ಗ್ರಾಮವಾದ ಮಟ್ಟುವಿನಲ್ಲಿ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗಳಲ್ಲಿ ಈ ಬದನೆಯನ್ನು ನೆಡುತ್ತಾರೆ. ಗುಂಡನೆಯ ಕಾಯಿ, ತಿಳಿಹಸಿರು ಮೈಯ ಮೇಲೆ ಬಿಳಿಯ ಗೆರೆಗಳು, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು, ಬೇಯಿಸಿದರೆ ಬೆಣ್ಣೆಯಂತೆ ಮೆದುವಾಗುತ್ತದೆ.

ಈ ಬೀಜವನ್ನು ಮಟ್ಟುವಿನ ಜನರಿಗೆ ಅನುಗ್ರಹಿಸಿದವರು ಸೋದೆ ಮಠದ ಶ್ರೀ ವಾದಿರಾಜತೀರ್ಥರು ಎಂಬುದು ಪರಂಪರೆಯ ನಂಬಿಕೆ. ಶ್ರೀ ಹಯಗ್ರೀವದೇವರಿಗೆ ಗುರುಗಳು ಅರ್ಪಿಸುತ್ತಿದ್ದ ಕಡಲೆಬೇಳೆಯ ಮಡ್ಡಿಯಲ್ಲಿ ದುರುಳರು ವಿಷ ಬೆರೆಸಿದರೆಂದೂ, ಆ ವಿಷದ ಶಮನಕ್ಕೆ ಗುಳ್ಳದ ನೈವೇದ್ಯ ನಡೆಯಿತೆಂದೂ ಐತಿಹ್ಯವಿದೆ. ವರ್ಷದ ಮೊದಲ ಫಸಲನ್ನು ಶ್ರೀಕೃಷ್ಣನಿಗೆ ಒಪ್ಪಿಸುವ ಸಂಪ್ರದಾಯ ಮಟ್ಟುವಿನ ಬೆಳೆಗಾರರದು.

"ಬದನೆ ವರ್ಜ್ಯವೆನ್ನುತ್ತಾರೆ, ಗುಳ್ಳ ಹೇಗೆ ಸಂದಿತು?" ಎಂದು ಮಕ್ಕಳು ಕೇಳುವುದುಂಟು. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಆಗ ಯಾವ ತರಕಾರಿಯೂ ಇಲ್ಲ. ಕೊನೆಯ ತಿಂಗಳು ದ್ವಿದಳವ್ರತ. ಆಗ ಬೇಳೆಗಳೂ ಬದನೆಯಂತಹ ಬಹುಬೀಜದ ಕಾಯಿಗಳೂ ಇಲ್ಲ. ಕಾರ್ತಿಕದ ಉತ್ಥಾನದ್ವಾದಶಿಗೆ ವ್ರತ ಮುಗಿದ ಬಳಿಕ, ಡಿಸೆಂಬರಿನ ಹೊತ್ತಿಗೆ, ಮಟ್ಟುವಿನ ಗದ್ದೆಗಳಲ್ಲಿ ಗುಳ್ಳ ಕೊಯ್ಲಿಗೆ ಬರುತ್ತದೆ. ಬೇಳೆ ಮತ್ತು ಬದನೆ ಜೊತೆಯಾಗಿ ಎಲೆಗೆ ಮರಳುವ ಕಾಲವದು. ವ್ರತದ ಕ್ರಮವೂ ಭೂಮಿಯ ಕ್ರಮವೂ ಹೀಗೆ ಕೂಡಿಬಂದಿವೆ.

ಗುರುಗಳು ಕೊಟ್ಟದ್ದು ಹಣ್ಣನ್ನಲ್ಲ, ಬೀಜವನ್ನು ಎಂಬುದನ್ನು ಗಮನಿಸಬೇಕು. ಹಣ್ಣು ಒಂದು ಊಟಕ್ಕೆ ಮುಗಿಯುತ್ತದೆ. ಬೀಜ ಉಳಿಯಬೇಕಾದರೆ ಪ್ರತಿ ವರ್ಷವೂ ಯಾರಾದರೊಬ್ಬರು ಅತ್ಯುತ್ತಮ ಕಾಯಿಯನ್ನು ತಿನ್ನದೆ, ಮಾರದೆ, ಗಿಡದಲ್ಲಿಯೇ ಹಳದಿಯಾಗುವವರೆಗೆ ಬಿಡಬೇಕು. ತಲೆಮಾರುಗಳ ಕಾಲ ಈ ತ್ಯಾಗ ನಡೆದುದರಿಂದಲೇ ಗುಳ್ಳ ಇಂದಿಗೂ ಇದೆ. 2009ರಲ್ಲಿ ಕುಲಾಂತರಿ ಬದನೆಗೆ ಅನುಮತಿಯ ಮಾತು ಬಂದಾಗ, ಆ ಪ್ರಯೋಗಕ್ಕೆ ಆರಿಸಿದ ತಳಿಗಳ ಪಟ್ಟಿಯಲ್ಲಿ ಉಡುಪಿ ಗುಳ್ಳದ ಹೆಸರೂ ಇತ್ತು. ತಮ್ಮ ತಳಿ ಬೆರಕೆಯಾದೀತೆಂದು ಬೆಳೆಗಾರರು ಆತಂಕಪಟ್ಟರು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅದಕ್ಕೆ ತಡೆ ನೀಡಿತು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದ್ದರಿಂದ ಮುಂಬಯಿ, ಪುಣೆಗಳ ಕುಂಡದಲ್ಲಿ ಬೆಳೆದುದನ್ನು ಮಟ್ಟುಗುಳ್ಳವೆಂದು ಮಾರುವಂತಿಲ್ಲ. ಮನೆದೇವರ ನೈವೇದ್ಯಕ್ಕೆ ಬೆಳೆಯಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಬೀಜವನ್ನು ಮಟ್ಟುವಿನ ಬೆಳೆಗಾರರಿಂದಲೇ ತರುವುದು ಲೇಸು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಮಳೆ ಇಳಿಯುತ್ತಿರುವಾಗ ಬಿತ್ತಬಹುದು. ಚೆನ್ನೈಯಲ್ಲಿ ಹಿಂಗಾರು ಮಳೆಯಿಂದ ಸಸಿಗೆ ಮರೆ ಬೇಕು. ದೆಹಲಿಯ ಚಳಿಯನ್ನು ಗಿಡ ತಾಳದು. ಅಲ್ಲಿ ಚಳಿ ಇಳಿದ ಮೇಲೆ ಬಿತ್ತುವುದು ಉಚಿತ. ಸಸಿಗೆ ನಾಲ್ಕೈದು ವಾರ ತುಂಬಿದಾಗ ಒಂದಡಿಗಿಂತ ಆಳವಾದ ಕುಂಡಕ್ಕೆ ಒಂದರಂತೆ ನೆಡಬೇಕು. ಕೆಂಪುಮಣ್ಣು, ಮರಳು, ಹಳೆಯ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ನೀರು ನಿಲ್ಲಬಾರದು. ಕುಡಿ ಬಾಡಿದರೆ ಒಳಗೆ ಕೊರಕ ಹುಳುವಿದೆಯೆಂದು ತಿಳಿದು, ಆ ಭಾಗವನ್ನು ಚಿವುಟಿ ನಾಶಮಾಡಬೇಕು.

ಪಕ್ಕದಲ್ಲಿ ಬೇರೆ ಬದನೆಯಿದ್ದರೆ ದುಂಬಿಗಳಿಂದ ಪರಾಗ ಬೆರೆಯುತ್ತದೆ. ಬೀಜಕ್ಕೆ ಬಿಡುವ ಹೂವನ್ನು ಅರಳುವ ಮೊದಲೇ ತೆಳುಬಟ್ಟೆಯಿಂದ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಗುರುತಿಗೆ ದಾರ ಸುತ್ತಬೇಕು. ಹಣ್ಣಾದ ಮೇಲೆ ಬೀಜ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಇಷ್ಟು ಮಾಡಲಾಗದವರು ತಮ್ಮ ಬೀಜವನ್ನು ಗುಳ್ಳದ ಬೀಜವೆಂದು ಇತರರಿಗೆ ಕೊಡದಿರುವುದೇ ಧರ್ಮ. ಬೆರಕೆ ಬೀಜ ಒಂದು ಮನೆಯಿಂದ ಹತ್ತು ಮನೆಗೆ ಹೋದರೆ ಗುಳ್ಳದ ಹೆಸರು ಉಳಿದೀತು, ಗುಳ್ಳ ಉಳಿಯದು.

ಗುಳ್ಳದ ರುಚಿ ತಿಳಿಯಲು ಬೋಳು ಹುಳಿಯೇ ತಕ್ಕದ್ದು. ಇದಕ್ಕೆ ತೆಂಗಿನಕಾಯಿಯಿಲ್ಲ, ಮಸಾಲೆಯಿಲ್ಲ. ಹೆಚ್ಚಿದ ಹೋಳುಗಳನ್ನು ಕಪ್ಪಾಗದಂತೆ ನೀರಿನಲ್ಲಿಡಬೇಕು. ಸೀಳಿದ ಹಸಿಮೆಣಸು, ಅರಿಸಿನ, ಉಪ್ಪು, ತುಸು ಹುಣಸೆರಸ, ಚೂರು ಬೆಲ್ಲದೊಡನೆ ಬೇಯಿಸಿ, ಹೋಳು ಕರಗುವ ಮೊದಲೇ ಬೆಂದ ತೊಗರಿಬೇಳೆ ಸೇರಿಸಿ ಕುದಿಸಬೇಕು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಆಯಿತು.

ಊರಿನಿಂದ ದೂರವಿರುವ ಕುಟುಂಬಗಳು ಮಕ್ಕಳಿಗೆ ಸ್ತೋತ್ರಗಳನ್ನು ಕಲಿಸುತ್ತವೆ, ಹಬ್ಬಗಳನ್ನು ಆಚರಿಸುತ್ತವೆ. ಅದರೊಡನೆ ದಾರ ಸುತ್ತಿದ ಆ ಒಂದು ಕಾಯಿಯನ್ನು ಕೀಳದೆ ಕಾಯುವುದನ್ನೂ ಮಕ್ಕಳಿಗೆ ಕಲಿಸಲಿ. ಉಳಿದ ಕಾಯಿಗಳಲ್ಲಿ ಮೊದಲನೆಯದು ದೇವರಿಗೆ ಸಲ್ಲಲಿ, ಅನಂತರ ಮನೆಯವರ ಎಲೆಗೆ ಬರಲಿ.

ಶ್ರೀಕೃಷ್ಣಾರ್ಪಣಮಸ್ತು.