ಒಂದು ಮತ್ತರು ಎಂದರೆ ಎಷ್ಟು ನೆಲ?



ಗಣಿತದವರು, ಶಾಸನದವರು, ಕೃಷಿ ಮತ್ತು ಸಸ್ಯಶಾಸ್ತ್ರದವರು ಎರಡು ದಿನ ಒಂದೇ ಸಭಾಂಗಣದಲ್ಲಿ ಕೂರುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಪರೂಪ. ಇದನ್ನು ಆಗುಮಾಡಿದವರಿಗೆ ಮೊದಲು ನನ್ನ ವಂದನೆ. ನಾನು ಗಣಿತ ಕಲಿಸಿ ನಿವೃತ್ತನಾದವನು. ಹಳಗನ್ನಡದ ಶಾಸನ ಓದಲು ಕಲಿತದ್ದು ಕನ್ನಡ ವಿಭಾಗದ ಗೆಳೆಯರ ಪಕ್ಕದಲ್ಲಿ ಕೂತು. ಅವರಲ್ಲಿ ಇಬ್ಬರು ಇವತ್ತು ಮುಂದಿನ ಸಾಲಿನಲ್ಲಿದ್ದಾರೆ. ಈ ಭಾಷಣದಲ್ಲಿ ಹುರುಳಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಆಹ್ವಾನಪತ್ರದಲ್ಲಿ 'ಸಂಶೋಧನೆಯ ವೈವಿಧ್ಯ' ಎಂದಿದೆ. ಆ ವೈವಿಧ್ಯ ನಮ್ಮಲ್ಲಿ ಧಾರಾಳವಾಗಿಯೇ ಇದೆ. ಆದರೆ ಎಲ್ಲರೂ ಸೇರಿ ಕೇಳುವ ಪ್ರಶ್ನೆಗಳು ಇಲ್ಲ. ಒಂದೇ ಕಲ್ಲಿನ ಮುಂದೆ ಮೂರು ವಿಭಾಗದವರು ಮೂರು ಸಲ ನಿಂತು, ತಮಗೆ ಬೇಕಾದ್ದನ್ನಷ್ಟೇ ಎತ್ತಿಕೊಂಡು ಹೋಗುತ್ತಾರೆ. ಎತ್ತಿಕೊಳ್ಳದೆ ಉಳಿದದ್ದು ಯಾರ ವಿಷಯವೂ ಆಗದೆ ಉಳಿಯುತ್ತದೆ. ಹಾಗೆ ಉಳಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ: ಒಂದು ಮತ್ತರು ಎಂದರೆ ಎಷ್ಟು ನೆಲ?

ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು ಇವರ ಕಾಲದ ದಾನಶಾಸನಗಳನ್ನು ಓದಿದವರಿಗೆ ಈ ಅಳತೆ ಚೆನ್ನಾಗಿ ಗೊತ್ತು. ದೇವಾಲಯಕ್ಕೆ, ಬಸದಿಗೆ, ಕೆರೆಗೆ, ಉಪಾಧ್ಯಾಯನಿಗೆ ಇಷ್ಟು ಮತ್ತರು ಕೆಯ್, ಇಷ್ಟು ಮತ್ತರು ಗದ್ದೆ. ಹೂದೋಟ, ಎಲೆದೋಟ ಬಂದಾಗ ಲೆಕ್ಕ ಸಾಮಾನ್ಯವಾಗಿ ಕಮ್ಮ ಎಂಬ ಚಿಕ್ಕ ಅಳತೆಗೆ ಇಳಿಯುತ್ತದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಬಂದದ್ದು 1966ರಲ್ಲಿ. ಆಮೇಲೆ ಕಲಬುರ್ಗಿಯವರು, ಅವರ ಶಿಷ್ಯರು, ಇಲ್ಲಿ ಕೂತಿರುವ ನೀವು ಮಾಡಿರುವ ಕೆಲಸ ಬಹಳ ದೊಡ್ಡದು. ಇಷ್ಟಾದರೂ ಶಬ್ದಕೋಶ ತೆರೆದರೆ ಮತ್ತರಿನ ಮುಂದೆ 'ಭೂಮಿಯ ಒಂದು ಅಳತೆ' ಎಂದಿರುತ್ತದೆ. ನಮ್ಮ ವಿದ್ವತ್ತು ಅಲ್ಲಿಗೆ ನಿಂತಿದೆ.

ಇದು ಚಿಕ್ಕ ವಿಷಯ ಎಂದು ಯಾರೂ ತಿಳಿಯಬಾರದು. ಮತ್ತರು ಎಷ್ಟು ಎಂದು ಗೊತ್ತಾಗದೆ ಹನ್ನೊಂದನೆಯ ಶತಮಾನದ ಒಂದು ಊರಿನ ತೆರಿಗೆ ಭಾರವೋ ಹಗುರವೋ ಹೇಳಲಾಗದು. ಒಂದು ಅಗ್ರಹಾರ ಎಷ್ಟು ಮನೆಗಳನ್ನು ಸಾಕುತ್ತಿತ್ತು, ಒಂದು ಕೆರೆಯ ನೀರು ಎಷ್ಟು ಗದ್ದೆಗೆ ಸಾಲುತ್ತಿತ್ತು ಎಂಬುದನ್ನೂ ಹೇಳಲಾಗದು. ನಾವು ಬರೆದಿರುವ ಆರ್ಥಿಕ ಚರಿತ್ರೆಯ ಬಹುಪಾಲು ಅಳತೆಯಿಲ್ಲದ ಚರಿತ್ರೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಕಂಬ ಇವತ್ತಿಗೂ ನಿಂತಿದೆ. ಅಲ್ಲಿನ ಶಾಸನಗಳಲ್ಲಿ 'ಭೇರುಂಡ ಗಳೆ' ಎಂಬ ಅಳತೆಕೋಲಿನ ಹೆಸರು ಬರುತ್ತದೆ. ಕಂಬದ ಎತ್ತರವೇ ಆ ಗಳೆಯ ಉದ್ದ ಎಂದು ಹೇಳಿದ ವಿದ್ವಾಂಸರಿದ್ದಾರೆ. ಕಂಬ ಸುಮಾರು 30 ಅಡಿ. ಒಂದು ಗಳೆ ಉದ್ದ, ಒಂದು ಗಳೆ ಅಗಲದ ನೆಲ ಒಂದು ಕಮ್ಮ, 100 ಕಮ್ಮ ಒಂದು ಮತ್ತರು ಎಂದಿಟ್ಟುಕೊಳ್ಳಿ. ಮತ್ತರು 90,000 ಚದರಡಿ ಆಯಿತು, ಎರಡು ಎಕರೆಗೆ ಸ್ವಲ್ಪ ಮೇಲೆ.

ಇನ್ನೊಂದು ಕಡೆಯಿಂದ ಬನ್ನಿ. ಭಾಸ್ಕರಾಚಾರ್ಯ 1150ರ ತನ್ನ 'ಲೀಲಾವತಿ'ಯಲ್ಲಿ ನಿವರ್ತನ ಎಂಬ ಭೂಮಾನವನ್ನು ಹೇಳುತ್ತಾನೆ. ಹತ್ತು ಮೊಳಕ್ಕೆ ಒಂದು ವಂಶ, ಅಂದರೆ ಬಿದಿರುಕೋಲು. ಇಪ್ಪತ್ತು ವಂಶ ಉದ್ದದ ನಾಲ್ಕು ಬದಿಗಳ ಒಳಗಿನ ನೆಲ ಒಂದು ನಿವರ್ತನ. ಮೊಳವನ್ನು 18 ಇಂಚು ಎಂದು ಹಿಡಿದರೆ ಒಂದೊಂದು ಬದಿ 300 ಅಡಿ. ವಿಸ್ತೀರ್ಣ ಮತ್ತೆ ಅದೇ 90,000 ಚದರಡಿ!

ಈ ಎರಡು ಲೆಕ್ಕ ಮೊದಲ ಸಲ ಒಂದೇ ಹಾಳೆಯ ಮೇಲೆ ಕೂಡಿಬಂದ ಸಂಜೆ ನನಗೆ ನಿದ್ದೆ ಬರಲಿಲ್ಲ. ಎಷ್ಟೋ ವರ್ಷ ಕಳೆದರೂ ಅದನ್ನು ನಾನು ಪ್ರಕಟಿಸಿಲ್ಲ. ಕಾರಣ ಹೇಳುತ್ತೇನೆ, ವಿದ್ಯಾರ್ಥಿಗಳು ದಯವಿಟ್ಟು ಗಮನಿಸಬೇಕು. ಗಳೆಯೂ ಕಂಬವೂ ಒಂದೇ ಉದ್ದ ಎಂಬುದು ಊಹೆ. ಕಮ್ಮ ಒಂದು ಚದರ ಗಳೆ ಎಂಬುದು ಊಹೆ. ಮತ್ತರಿಗೆ ನೂರು ಕಮ್ಮ ಎಂಬುದನ್ನು ಎಲ್ಲ ಸೀಮೆಗೂ ಹೊಂದಿಸುವುದು ಊಹೆ. ಮೊಳ 18 ಇಂಚು ಎಂಬುದೂ ಊಹೆಯೇ. ಅದನ್ನು 19 ಇಂಚು ಮಾಡಿ ನೋಡಿ, ನಿವರ್ತನ ಲಕ್ಷ ಚದರಡಿ ದಾಟುತ್ತದೆ. ಒಂದು ಇಂಚಿಗೆ ಒಂಬತ್ತು ಗುಂಟೆಗೂ ಮೀರಿದ ವ್ಯತ್ಯಾಸ! ಕಂಬಕ್ಕೆ ಅರ್ಧ ಅಡಿ ಹೆಚ್ಚು ಹಿಡಿದರೆ ಮತ್ತರು 93,025 ಚದರಡಿ, ಸುಮಾರು ಮೂರು ಗುಂಟೆ ಹೆಚ್ಚು. ಉದ್ದದಲ್ಲಿ ಆದ ತಪ್ಪು ಕ್ಷೇತ್ರಕ್ಕೆ ಬರುವಾಗ ವರ್ಗವಾಗಿ ಬರುತ್ತದೆ. ಇಷ್ಟೊಂದು ಊಹೆಗಳ ಮೇಲೆ ನಿಂತ ಅಂದವಾದ ಹೊಂದಾಣಿಕೆಯನ್ನು ಸಿದ್ಧಾಂತ ಎನ್ನಲು ನನ್ನ ಗಣಿತ ಒಪ್ಪುವುದಿಲ್ಲ. ಅದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ಮನಸ್ಸೂ ಒಪ್ಪುವುದಿಲ್ಲ. ಪ್ರಶ್ನೆ ಹಾಗೇ ನಿಂತಿದೆ.

ಗಳೆಯ ಉದ್ದವನ್ನು ಊಹಿಸದೆ ತಿಳಿಯುವ ದಾರಿಯೂ ಇದೆ. ತಮಿಳುನಾಡಿನ ದೇವಾಲಯಗಳ ಅಧಿಷ್ಠಾನದ ಮೇಲೆ ಅಳತೆಕೋಲನ್ನೇ ಕೊರೆದಿಟ್ಟ ಉದಾಹರಣೆಗಳಿವೆ. ವೈ. ಸುಬ್ಬರಾಯಲು ಅವರು ಆ ನಾಡಿನ ಭೂಮಾನಗಳ ಮೇಲೆ ಮಾಡಿರುವ ಕೆಲಸವನ್ನು ಇಲ್ಲಿ ಬಹಳ ಜನ ಬಲ್ಲಿರಿ. ನಮ್ಮ ಗುಡಿಗಳ ಜಗತಿಯನ್ನು ಈ ಕಣ್ಣಿನಿಂದ ಪೂರ್ತಿ ಹುಡುಕುವ ಕೆಲಸ ಇನ್ನೂ ಬಾಕಿ ಇದೆ.

ನಾವು ದಾರಿ ತಪ್ಪಿದ್ದು ಎಲ್ಲಿ? ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇನೆ. ಗಣಿತದ ಚರಿತ್ರೆಯನ್ನು ನಾವು 'ಯಾರು ಮೊದಲು' ಎಂಬ ಓಟವಾಗಿ ಮಾಡಿಕೊಂಡೆವು. ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಿಂದ ಪ್ರಕಟಿಸಿದರು. ಅಂದಿನಿಂದ ನಮ್ಮ ಲೇಖನಗಳು ಹೇಳುತ್ತಿರುವುದು ಹೆಚ್ಚಾಗಿ ಎರಡೇ ಮಾತು: ಋಣಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಆತ ಹೇಳಿದ, ವಿಕಲ್ಪಗಳ ಎಣಿಕೆಗೆ ಸಾಮಾನ್ಯ ಸೂತ್ರ ಕೊಟ್ಟ. ಎರಡೂ ನಿಜ, ಎರಡೂ ಹೆಮ್ಮೆಯ ಸಂಗತಿಗಳು. ಆದರೆ ಆ ಪುಸ್ತಕದ ತುಂಬ ಬಡ್ಡಿ, ಚಿನ್ನದ ಬಣ್ಣ, ಹಣ್ಣಿನ ರಾಶಿ, ಜಿನಪೂಜೆಯ ಹೂವು, ಹೊಲದ ಅಳತೆ ಇವೆ. ಅದನ್ನೆಲ್ಲ 'ಉದಾಹರಣೆ' ಎಂದು ಹಾರಿಸಿಬಿಟ್ಟೆವು. ಆ ಪುಸ್ತಕವೂ 'ಕವಿರಾಜಮಾರ್ಗ'ವೂ ಒಬ್ಬನೇ ದೊರೆ ಅಮೋಘವರ್ಷ ನೃಪತುಂಗನ ಕಾಲದವು. ಒಂದು ಗಣಿತ ವಿಭಾಗಕ್ಕೆ ಹೋಯಿತು, ಇನ್ನೊಂದು ಕನ್ನಡ ವಿಭಾಗಕ್ಕೆ. ಎರಡನ್ನೂ ಒಟ್ಟಿಗೆ ಓದುವ ಒಂದು ಪತ್ರಿಕೆ ನಮ್ಮ ಯಾವ ಸ್ನಾತಕೋತ್ತರ ತರಗತಿಯಲ್ಲೂ ನನಗೆ ಕಂಡಿಲ್ಲ.

ರಾಜಾದಿತ್ಯನ ಗತಿ ಇನ್ನೂ ಕಷ್ಟದ್ದು. ಹನ್ನೆರಡನೆಯ ಶತಮಾನದಲ್ಲಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲೇ ಬರೆದ ಆತನನ್ನು ಸಾಹಿತ್ಯ ಚರಿತ್ರೆಗಳು ಶಾಸ್ತ್ರಕವಿ ಎಂದು ಒಂದು ಪರಿಚ್ಛೇದದಲ್ಲಿ ಮುಗಿಸುತ್ತವೆ. ಗಣಿತದವರಿಗೆ ಹಳಗನ್ನಡ ಬಾರದು, ಕನ್ನಡದವರು ಲೆಕ್ಕ ಮಾಡಿ ನೋಡುವುದಿಲ್ಲ. ಮೈಸೂರಿನ ಪದ್ಮಾವತಮ್ಮನವರಂಥ ಕೆಲವರು ಈ ಎರಡು ದಡಗಳ ನಡುವೆ ದುಡಿದಿದ್ದಾರೆ. ಅವರ ಹಿಂದೆ ಒಂದು ಪಂಕ್ತಿ ಬೆಳೆಯಬೇಕಿತ್ತು.

ಹಾರಿಸಿಬಿಟ್ಟ ಆ ಹೊಲದ ಅಳತೆಯಲ್ಲಿ ಏನಿದೆ ನೋಡಿ. ಮಹಾವೀರ ಕ್ಷೇತ್ರಫಲವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆ ಮಾಡುತ್ತಾನೆ. ನಾಲ್ಕು ಬದಿಯ ಹೊಲಕ್ಕೆ ವ್ಯಾವಹಾರಿಕ ಲೆಕ್ಕ ಸುಲಭ: ಎದುರುಬದುರಿನ ಬದಿಗಳ ಸರಾಸರಿ ತೆಗೆದು ಗುಣಿಸುವುದು. ಹೊಲ ಚೌಕವೋ ಆಯತವೋ ಆಗಿದ್ದರೆ ಉತ್ತರ ಸರಿ. ಓರೆಯಾಗಿದ್ದರೆ ಉತ್ತರ ಯಾವಾಗಲೂ ನೆಲಕ್ಕಿಂತ ಹೆಚ್ಚೇ ಬರುತ್ತದೆ, ಎಂದೂ ಕಡಿಮೆ ಬರುವುದಿಲ್ಲ. ಹತ್ತು ಹತ್ತು ಗಳೆಯ ನಾಲ್ಕು ಬದಿ, ಒಂದು ಮೂಲೆ 60 ಡಿಗ್ರಿ ಇರುವ ಹೊಲ ತೆಗೆದುಕೊಳ್ಳಿ. ಲೆಕ್ಕದಲ್ಲಿ 100 ಚದರ ಗಳೆ, ನೆಲದ ಮೇಲೆ ಇರುವುದು 86.6. ಆತ ಕೊಡುವ ಸೂಕ್ಷ್ಮ ಸೂತ್ರವೂ, ಭುಜಗಳ ಮೊತ್ತದ ಅರ್ಧದಿಂದ ಒಂದೊಂದು ಭುಜವನ್ನು ಕಳೆದು ಗುಣಿಸಿ ಮೂಲ ತೆಗೆಯುವುದು, ಈ ಹೊಲಕ್ಕೆ 100 ಎಂದೇ ಹೇಳುತ್ತದೆ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಬಿದ್ದರೆ ಮಾತ್ರ ಆ ಸೂತ್ರ ಸರಿ.

ಇದರ ಅರ್ಥವೇನು? ಶಾಸನದಲ್ಲಿ 'ಒಂದು ಮತ್ತರು' ಎಂದು ಕೊರೆದಿದ್ದರೆ ಅದು ನೆಲದ ವಿಸ್ತೀರ್ಣವಾಗಿರಬೇಕಿಲ್ಲ, ಊರಿನ ಕರಣಿಕನ ಲೆಕ್ಕದ ಫಲವಾಗಿರಬಹುದು. ನಾವು ಇವತ್ತು ಉಪಗ್ರಹದ ನೆರವಿನಿಂದ ಅದೇ ಹೊಲವನ್ನು ಅಳೆದು, ಅದರಿಂದ ಗಳೆಯ ಉದ್ದವನ್ನು ಹಿಂದಕ್ಕೆ ಕಂಡುಹಿಡಿಯಲು ಹೊರಟರೆ ಗಳೆ ನಿಜಕ್ಕಿಂತ ಗಿಡ್ಡ ಎಂದು ತೋರುತ್ತದೆ. ಗಣಿತದ ಪುಸ್ತಕ ಓದದ ಶಾಸನತಜ್ಞರಿಗೆ ಈ ದೋಷ ಕಾಣುವುದಿಲ್ಲ. ಶಾಸನ ಓದದ ಗಣಿತಜ್ಞರಿಗೆ ಈ ದೋಷ ಯಾರ ಹೊಟ್ಟೆಯ ಮೇಲೆ ಬಿತ್ತು ಎಂಬುದು ಕಾಣುವುದಿಲ್ಲ. ತೆರಿಗೆ ಕಟ್ಟಿದವನು ಇಲ್ಲದ ಹದಿಮೂರು ಚಿಲ್ಲರೆ ಕಮ್ಮಕ್ಕೂ ಕಟ್ಟಿದ.

ಇನ್ನು ನಿಸರ್ಗವಿಜ್ಞಾನದವರ ಪಾಲು. ಗಂಗರ, ಹೊಯ್ಸಳರ ಶಾಸನಗಳಲ್ಲಿ ನೆಲವನ್ನು ಬೀಜದಿಂದಲೂ ಅಳೆದಿದ್ದಾರೆ. ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗದ ನೆಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಬಳ್ಳಿಗಾವೆಯ ಕಡೆ ತಿರುಗುತ್ತಿದ್ದಾಗ ಹಿರಿಯ ರೈತರೊಬ್ಬರನ್ನು ನಿಮ್ಮ ಗದ್ದೆ ಎಷ್ಟು ಎಂದು ಕೇಳಿದೆ. ಅವರು ಹೇಳಿದರು: "ಎಕರೆ ಪಹಣಿಯಾಗೆ ಐತೆ ಮೇಷ್ಟ್ರೇ. ಬಿತ್ತುವಾಗ ಕೊಳಗದ ಲೆಕ್ಕ. ಮ್ಯಾಲಿನ ಗದ್ದೆಗೆ ಬೀಜ ಜಾಸ್ತಿ ಬೇಕು, ಕೆರೆ ಕೆಳಗಿನದಕ್ಕೆ ಕಮ್ಮಿ ಸಾಕು." ಕೊಳಗ ಒಂದೇ, ನೆಲ ಎರಡು. ಮಣ್ಣು, ನೀರು, ಭತ್ತದ ತಳಿ, ಎರಚಿ ಬಿತ್ತುವುದೋ ಸಸಿಮಡಿ ಮಾಡಿ ನಾಟಿ ಮಾಡುವುದೋ, ಇವೆಲ್ಲ ಸೇರಿ ಆ ಅಳತೆ ಆಗಿದೆ. ಅದನ್ನು ಎಕರೆಗೆ ತಿರುಗಿಸುವ ಏಕೈಕ ಗುಣಾಂಕ ಹುಡುಕುವುದೇ ತಪ್ಪು ಎಂದು ನನಗೆ ಅವರ ಮಾತಿನಿಂದ ಮನವರಿಕೆಯಾಯಿತು. ಇದನ್ನು ಬಿಡಿಸಬಲ್ಲವರು ಕೃಷಿವಿಜ್ಞಾನಿಗಳು. ಮಧ್ಯಾಹ್ನದ ಗೋಷ್ಠಿಯಲ್ಲಿ ದೇಸಿ ಭತ್ತದ ತಳಿಗಳ ಬಗ್ಗೆ ಪ್ರಬಂಧ ಓದಲಿರುವ ಸೋದರಿ ಇಲ್ಲಿದ್ದಾರೆ, ಅವರನ್ನು ಶಾಸನದವರು ಬಿಡದೆ ಪ್ರಶ್ನಿಸಬೇಕೆಂದು ನನ್ನ ಕೋರಿಕೆ.

ಬೇರೆ ಬೇರೆ ವಿದ್ಯೆಗಳ ಕೆಲಸವನ್ನು ಒಬ್ಬರೇ ಮಾಡುತ್ತಿದ್ದ ಕಾಲ ಇತ್ತು. 1025ರಲ್ಲಿ 'ಲೋಕೋಪಕಾರ' ಬರೆದ ಚಾವುಂಡರಾಯ, ಇವನು ಕಂಬ ನಿಲ್ಲಿಸಿದವನಲ್ಲ, ಬೇರೆಯವನು, ಅಂತರ್ಜಲ, ಗಿಡಮರ, ಅಡುಗೆ ಎಲ್ಲವನ್ನೂ ಒಂದೇ ಕನ್ನಡ ಗ್ರಂಥದಲ್ಲಿ ಇಟ್ಟ. ಬಹಳ ಆಮೇಲೆ, ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಿ, ಒಣಬಿತ್ತನೆ, ಮೊಳಕೆ ಬಿತ್ತನೆ, ನಾಟಿ ಮೂರನ್ನೂ ಬೇರೆ ಬೇರೆಯಾಗಿ ವಿವರಿಸಿದ. ಊರಿನಿಂದ ಊರಿಗೆ ಕೊಳಗ ಬದಲಾಗುವುದನ್ನು ಬರೆದಿಟ್ಟ. ಕಾಲಿನ್ ಮೆಕೆಂಜಿ ಅದೇ ಕಾಲದಲ್ಲಿ ಸರ್ವೆ ಮಾಡುತ್ತಲೇ ಕಾವಲಿ ಬೋರಯ್ಯನಂಥವರ ನೆರವಿನಿಂದ ಶಾಸನ, ಕೈಫಿಯತ್ತುಗಳನ್ನು ಕೂಡಿಸಿದ. ಅವರ ಕೆಲಸ ಕಂಪನಿ ಸರ್ಕಾರದ ಕಂದಾಯಕ್ಕಾಗಿ ಎಂಬುದನ್ನು ನಾನು ಮರೆತಿಲ್ಲ. ಮೆಕೆಂಜಿ 1821ರಲ್ಲಿ ತೀರಿಕೊಂಡ ಮೇಲೆ ನಕ್ಷೆಗಳು ಒಂದು ಕಡೆ, ಓಲೆಗಳು ಒಂದು ಕಡೆ ಆದವು. ನಮ್ಮ ವಿಭಾಗಗಳು ಆ ಹಂಚಿಕೆಯ ಗೆರೆಯನ್ನೇ ಇವತ್ತಿಗೂ ಹಿಡಿದುಕೊಂಡಿವೆ. ಆಮೇಲೆ 33 ಅಡಿಯ ಸರ್ವೆ ಸರಪಳಿ ಬಂತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆ ಒಂದು ಎಕರೆ. ಹಳೆಯ ಗಳೆಗಳು ಕಡತದಿಂದ ಮರೆಯಾದವು.

ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಹೇಳಿ ಮುಗಿಸುತ್ತೇನೆ. ವಿಸ್ತೀರ್ಣ, ಗಳೆಯ ಹೆಸರು, ನಾಲ್ಕು ದಿಕ್ಕಿನ ಎಲ್ಲೆ ಮೂರನ್ನೂ ಹೇಳುವ ಶಾಸನಗಳನ್ನು ಮೊದಲು ಬೇರ್ಪಡಿಸಿ. ಎಲ್ಲೆಯಲ್ಲಿ ಕೆರೆಕೋಡಿ, ಹಳ್ಳ, ಗುಡ್ಡ, ಮರ ಬರುತ್ತವೆ. ಮರಗಳ ಹೆಸರನ್ನು ಸಸ್ಯಶಾಸ್ತ್ರದವರಿಗೆ ಕೊಡಿ, ಅವು ಆ ಕಾಲದ ಕಾಡಿನ ದಾಖಲೆಯೂ ಹೌದು. ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು, ಮುಕ್ಕೊಡೆಯ ಕಲ್ಲು, ಇಂಥ ಎಲ್ಲೆಕಲ್ಲುಗಳು ಇನ್ನೂ ಇದ್ದಲ್ಲೇ ಇರುವ ಊರುಗಳನ್ನು ಆರಿಸಿ ಅಳೆಯಿರಿ. ಬಂದ ಅಂಕಿಗಳ ಸರಾಸರಿ ತೆಗೆದು ಕೈತೊಳೆದುಕೊಳ್ಳಬೇಡಿ. ಹಲವು ಗಳೆಗಳ ಫಲಗಳನ್ನು ಬೆರೆಸಿದ ಸರಾಸರಿ ಯಾವ ಗಳೆಗೂ ಸೇರಿದ್ದಲ್ಲ. ಅಂಕಿಗಳು ಎಲ್ಲೆಲ್ಲಿ ಗುಂಪುಗೂಡುತ್ತವೆ ನೋಡಿ. ಗುಂಪುಗೂಡದಿದ್ದರೆ ಅದನ್ನೂ ಹಾಗೆಯೇ ಪ್ರಕಟಿಸಿ.

ಇದಕ್ಕೆ ದೊಡ್ಡ ಅನುದಾನ ಬೇಡ. ಒಬ್ಬ ಶಾಸನ ಓದುವವರು, ಒಬ್ಬ ಗಣಿತದವರು, ಒಬ್ಬ ಮಣ್ಣು ಬಲ್ಲವರು, ಊರಿನ ಒಬ್ಬ ಹಿರಿಯ ರೈತರು ಇದ್ದರೆ ಸಾಕು. ರಸ್ತೆ ಅಗಲವಾಗುತ್ತಿದೆ, ಹೊಲಗಳು ನಿವೇಶನಗಳಾಗುತ್ತಿವೆ, ಎಲ್ಲೆಕಲ್ಲುಗಳು ಜೆಸಿಬಿಯ ಬಾಯಿಗೆ ಬೀಳುತ್ತಿವೆ. ಈ ಸಂಕಿರಣ ಮುಗಿಯುವ ಮೊದಲು ಅಂಥ ಒಂದು ತಂಡವಾದರೂ ಹೆಸರು ಬರೆಸಲಿ. ಈ ಬೇಸಿಗೆಯಲ್ಲೇ ಬಳ್ಳಿಗಾವೆಗೆ ಹೊರಡಲಿ. ನಾನು ಜೊತೆಗೆ ಬರಲು ಸಿದ್ಧನಿದ್ದೇನೆ.